ನಿಂತಲ್ಲಿ ನಿಲ್ಲದ ಸಂಧಿ

1953ರ ಮಾತು. ಅಮೆರಿಕದ ನ್ಯೂಜೆರ್ಸಿಯ ಬೆಲ್ ಲ್ಯಾಬ್ಸ್‌ನಲ್ಲಿ ಎಂಜಿನಿಯರ್ ಡೇರಿಲ್ ಚಾಪಿನ್ ಅವರಿಗೆ ಒಂದು ತಲೆನೋವು ಅಂಟಿಕೊಂಡಿತ್ತು. ಸೆಕೆ, ತೇವ ಎರಡೂ ಹೆಚ್ಚಿರುವ ಪ್ರದೇಶಗಳಲ್ಲಿ ದೂರವಾಣಿ ವ್ಯವಸ್ಥೆಗೆ ಜೋಡಿಸಿದ ಡ್ರೈ ಬ್ಯಾಟರಿಗಳು ಬೇಗ ಕೆಡುತ್ತಿದ್ದವು. ಬಿಸಿಲಿನಿಂದಲೇ ವಿದ್ಯುತ್ ತೆಗೆಯೋಣವೆಂದರೆ, ಆಗ ಸಿಗುತ್ತಿದ್ದ ಸೆಲೆನಿಯಂ ಕೋಶಗಳು ತಮ್ಮ ಮೇಲೆ ಬಿದ್ದ ಬೆಳಕಿನ ನೂರರಲ್ಲಿ ಒಂದು ಪಾಲನ್ನೂ ವಿದ್ಯುತ್ತಾಗಿ ಮಾಡುತ್ತಿರಲಿಲ್ಲ. ಅದೇ ಸಂಸ್ಥೆಯಲ್ಲಿ ಸಿಲಿಕಾನ್ ಮೇಲೆ ಕೆಲಸ ಮಾಡುತ್ತಿದ್ದ ರಸಾಯನವಿಜ್ಞಾನಿ ಕ್ಯಾಲ್ವಿನ್ ಫುಲ್ಲರ್, ಗ್ಯಾಲಿಯಂ ಬೆರೆತ ಸಿಲಿಕಾನ್ ತುಂಡೊಂದನ್ನು ಭೌತವಿಜ್ಞಾನಿ ಜೆರಾಲ್ಡ್ ಪಿಯರ್ಸನ್ ಕೈಗೆ ಕೊಟ್ಟರು. ಪಿಯರ್ಸನ್ ಅದನ್ನು ಬಿಸಿ ಲಿಥಿಯಂನಲ್ಲಿ ಅದ್ದಿ ತೆಗೆದು, ತಂತಿ ಜೋಡಿಸಿ, ಬೆಳಕು ಹಾಯಿಸಿದರು. ಅಮ್ಮೀಟರಿನ ಮುಳ್ಳು ಅವರು ಎಣಿಸಿದ್ದಕ್ಕಿಂತ ಜೋರಾಗಿ ಸರಿಯಿತು.

ಸೆಲೆನಿಯಂ ಬಿಟ್ಟು ಸಿಲಿಕಾನ್ ಹಿಡಿಯುವಂತೆ ಪಿಯರ್ಸನ್ ಗೆಳೆಯನಿಗೆ ಹೇಳಿದರು. ಚಾಪಿನ್ ಹಾಗೆ ಮಾಡಿದಾಗ ಶೇ 2.3ರಷ್ಟು ದಕ್ಷತೆ ಸಿಕ್ಕಿತು. ಸಂತೋಷ ಬಹುಕಾಲ ಉಳಿಯಲಿಲ್ಲ. ಲಿಥಿಯಂ ಪರಮಾಣುಗಳು ಹಾಕಿದ ಜಾಗದಲ್ಲಿ ನಿಲ್ಲುತ್ತಿರಲಿಲ್ಲ. ಕೋಣೆಯ ಸಾಧಾರಣ ಉಷ್ಣತೆಯಲ್ಲೇ ಅವು ಸಿಲಿಕಾನಿನ ಆಳಕ್ಕೆ ಇಳಿಯುತ್ತಿದ್ದವು. ವಿದ್ಯುತ್ ಹುಟ್ಟಿಸುವ ಸಂಧಿಯೂ ಅವುಗಳ ಜತೆಗೇ ಮೇಲ್ಮೈ ಬಿಟ್ಟು, ಬೆಳಕು ಬೀಳುವ ಜಾಗ ಬಿಟ್ಟು, ಒಳಕ್ಕೆ ಸರಿಯುತ್ತಿತ್ತು. ಕೊನೆಗೆ ಫುಲ್ಲರ್ ಆರ್ಸೆನಿಕ್ ಬೆರೆತ ಸಿಲಿಕಾನಿನ ಮೇಲ್ಪದರಕ್ಕೆ ಬೋರಾನ್ ಹಾಯಿಸಿ ನೋಡಿದರು. ಬೋರಾನ್ ಕದಲಲಿಲ್ಲ. 1954ರ ಏಪ್ರಿಲ್ 25ರಂದು ಬೆಲ್ ಲ್ಯಾಬ್ಸ್ ಶೇ 6 ದಕ್ಷತೆಯ ಸೌರಕೋಶವನ್ನು ಜನರ ಮುಂದಿಟ್ಟಿತು. ಇವತ್ತು ಮನೆಗಳ ಚಾವಣಿ ಏರಿ ಕೂತಿರುವ ಪ್ಯಾನೆಲ್‌ಗಳಲ್ಲಿ ಬಹುಪಾಲು ಆ ವಂಶದವು.

ಏಳು ದಶಕಗಳ ಬಳಿಕ, ಸಿಲಿಕಾನಿಗೆ ಸರಿಸಾಟಿಯಾಗಿ ಎದ್ದು ನಿಂತಿರುವ ಪೆರೋವ್‌ಸ್ಕೈಟ್ ಸೌರಕೋಶದ ಮುಂದಿರುವ ಕಷ್ಟವೂ ಬುಡದಲ್ಲಿ ಇದೇ. ಇಲ್ಲಿ ಓಡಾಡುವುದು ಹೊರಗಿನಿಂದ ಬಂದ ಲಿಥಿಯಂ ಮಾತ್ರ ಅಲ್ಲ, ಸ್ಫಟಿಕದ ಸ್ವಂತ ಅಯಾನುಗಳೂ ಓಡಾಡುತ್ತವೆ. ಈ ಕೋಶ ಎಷ್ಟು ವರ್ಷ ಬಾಳುತ್ತದೆ ಎಂಬ ಪ್ರಶ್ನೆಯ ದೊಡ್ಡ ಭಾಗ, ಅದರ ಸಂಧಿ ಇಟ್ಟಲ್ಲಿ ಇರುತ್ತದೆಯೇ ಎಂಬ ಪ್ರಶ್ನೆ.

ಮೊದಲು ಸಿಲಿಕಾನಿನಲ್ಲಿ ನಡೆಯುವುದೇನೆಂದು ನೋಡಬೇಕು. ಸಿಲಿಕಾನ್ ಪರಮಾಣುವಿನ ಹೊರಕವಚದಲ್ಲಿ ನಾಲ್ಕು ಎಲೆಕ್ಟ್ರಾನ್‌ಗಳಿವೆ. ನಾಲ್ಕನ್ನೂ ಅದು ಸುತ್ತಲಿನ ನಾಲ್ಕು ಪರಮಾಣುಗಳ ಜತೆ ಹಂಚಿಕೊಂಡಿರುತ್ತದೆ. ಆ ಜಾಗದಲ್ಲಿ ಐದು ಎಲೆಕ್ಟ್ರಾನಿನ ರಂಜಕವನ್ನು ಕೂರಿಸಿದರೆ ಒಂದು ಎಲೆಕ್ಟ್ರಾನ್ ಮಿಕ್ಕಿ ಅಡ್ಡಾಡತೊಡಗುತ್ತದೆ, ಅದು ಎನ್-ಬಗೆ. ಮೂರು ಎಲೆಕ್ಟ್ರಾನಿನ ಬೋರಾನನ್ನು ಕೂರಿಸಿದರೆ ಒಂದು ಎಲೆಕ್ಟ್ರಾನ್ ಕಡಿಮೆ ಬೀಳುತ್ತದೆ. ಆ ಕೊರತೆಯೇ ಧನ ವಿದ್ಯುದಂಶದಂತೆ ಚಲಿಸುತ್ತದೆ. ಅದನ್ನು ರಂಧ್ರ ಎನ್ನುತ್ತಾರೆ, ಆ ಸಿಲಿಕಾನ್ ಪಿ-ಬಗೆ. ಹೀಗೆ ಬೇಕೆಂದೇ ಬೆರೆಸುವ ಕೆಲಸಕ್ಕೆ ಡೋಪಿಂಗ್ ಎಂದು ಹೆಸರು. ಪ್ಯಾನೆಲ್‌ಗೆ ಬಳಸುವ ಸಿಲಿಕಾನ್ ಬಿಲ್ಲೆಯ ಒಡಲಲ್ಲಿ ಬೆರಕೆಯ ಪ್ರಮಾಣ ಸುಮಾರು 50 ಲಕ್ಷ ಪರಮಾಣುಗಳಿಗೆ ಒಂದು. ಕೊಡ ಹಾಲಿನ ಗುಣ ಬದಲಿಸಲು ಒಂದು ಹನಿ ಹೆಪ್ಪು ಸಾಕಾಗುವಂತೆ, ಇಷ್ಟು ಅತ್ಯಲ್ಪ ಬೆರಕೆ ಇಡೀ ಬಿಲ್ಲೆಯ ವಿದ್ಯುತ್ ಸ್ವಭಾವವನ್ನೇ ಬದಲಿಸಿಬಿಡುತ್ತದೆ.

ಪಿ ಮತ್ತು ಎನ್ ಕೂಡುವ ಗಡಿಯಲ್ಲಿ ಎಲೆಕ್ಟ್ರಾನ್‌ಗಳು ಆ ಕಡೆಗೂ ರಂಧ್ರಗಳು ಈ ಕಡೆಗೂ ನುಗ್ಗಿ ಒಂದನ್ನೊಂದು ತುಂಬಿಕೊಳ್ಳುತ್ತವೆ. ಹಿಂದೆ ಉಳಿಯುವುದು ವಿದ್ಯುದಂಶ ಹೊತ್ತ ರಂಜಕ ಮತ್ತು ಬೋರಾನ್ ಪರಮಾಣುಗಳು. ಅವು ಸ್ಫಟಿಕದಲ್ಲಿ ಬಿಗಿಯಾಗಿ ಕೂತಿರುವುದರಿಂದ ಗಡಿಯ ಎರಡೂ ಬದಿಯಲ್ಲಿ ಶಾಶ್ವತವಾದ ವಿದ್ಯುತ್ ಕ್ಷೇತ್ರವೊಂದು ನಿಂತುಬಿಡುತ್ತದೆ. ಬೆಳಕು ಬಿದ್ದು ಎಲೆಕ್ಟ್ರಾನ್-ರಂಧ್ರ ಜೋಡಿ ಹುಟ್ಟಿದಾಗ ಈ ಕ್ಷೇತ್ರದ ಸೆಳೆತಕ್ಕೆ ಅವೆರಡೂ ಬೇರೆ ಬೇರೆ ದಿಕ್ಕಿಗೆ ಹೋಗುತ್ತವೆ. ತಂತಿಯಲ್ಲಿ ಕರೆಂಟ್ ಹರಿಯುತ್ತದೆ.

ಪಠ್ಯಪುಸ್ತಕ ಇಲ್ಲಿಗೆ ನಿಲ್ಲಿಸುತ್ತದೆ. ಜರ್ಮನಿಯ ಭೌತವಿಜ್ಞಾನಿ ಪೀಟರ್ ವುರ್ಫೆಲ್ ಮತ್ತು ಜತೆಗಾರರು ಇನ್ನೊಂದು ಹೆಜ್ಜೆ ಮುಂದಿಟ್ಟು ವಾದಿಸಿದರು. ಅವರ ಪ್ರಕಾರ ಕೋಶಕ್ಕೆ ಮುಖ್ಯವಾಗಿ ಬೇಕಾದದ್ದು ಕ್ಷೇತ್ರವಲ್ಲ. ಒಂದು ತುದಿಯಲ್ಲಿ ಎಲೆಕ್ಟ್ರಾನಿಗೆ ಮಾತ್ರ ದಾರಿ, ಇನ್ನೊಂದು ತುದಿಯಲ್ಲಿ ರಂಧ್ರಕ್ಕೆ ಮಾತ್ರ ದಾರಿ ಇದ್ದರೆ ಸಾಕು. ಸಿಲಿಕಾನಿನಲ್ಲಿ ಡೋಪಿಂಗ್ ಮಾಡುವ ಕೆಲಸವೂ ಅದೇ ಎಂದರು. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಪೆರೋವ್‌ಸ್ಕೈಟ್ ಕೋಶ ಕೆಲಸ ಮಾಡುವ ಬಗೆ ಇದನ್ನು ಹಿಡಿದು ನೋಡಿದರೆ ಬೇಗ ಅರ್ಥವಾಗುತ್ತದೆ.

ಪೆರೋವ್‌ಸ್ಕೈಟ್ ಎಂಬುದು ಮೂಲತಃ ಖನಿಜದ ಹೆಸರು. 1839ರಲ್ಲಿ ಜರ್ಮನಿಯ ಗುಸ್ತಾವ್ ರೋಸ್ ರಷ್ಯಾದ ಯುರಾಲ್ ಪರ್ವತಗಳಿಂದ ಬಂದ ಕ್ಯಾಲ್ಸಿಯಂ ಟೈಟನೇಟ್ ಖನಿಜವನ್ನು ಗುರುತಿಸಿ, ರಷ್ಯಾದ ಗಣ್ಯ ಲೆವ್ ಪೆರೋವ್‌ಸ್ಕಿ ಅವರ ಹೆಸರಿಟ್ಟರು. ಅದೇ ಚೌಕಟ್ಟಿನಲ್ಲಿ ಕಟ್ಟಿಕೊಳ್ಳುವ ಸ್ಫಟಿಕಗಳಿಗೆಲ್ಲ ಈಗ ಅದೇ ಹೆಸರು. ಸೌರಕೋಶದಲ್ಲಿ ಬಳಸುವ ಪೆರೋವ್‌ಸ್ಕೈಟಿಗೂ ಆ ಕಲ್ಲಿಗೂ ರಾಸಾಯನಿಕವಾಗಿ ನಂಟಿಲ್ಲ. ಇದರಲ್ಲಿ ಸೀಸ ಅಥವಾ ತವರ ಒಂದು, ಅಯೋಡಿನ್ ಅಥವಾ ಬ್ರೋಮಿನ್ ಮೂರು, ಜತೆಗೆ ಮೀಥೈಲ್ ಅಮೋನಿಯಂ, ಫಾರ್ಮಮಿಡಿನಿಯಂ ಅಥವಾ ಸೀಸಿಯಂ ಒಂದು.

ಜಪಾನಿನ ಯೊಕೊಹಾಮಾದ ತೊಇನ್ ವಿಶ್ವವಿದ್ಯಾಲಯದಲ್ಲಿ ತ್ಸುತೊಮು ಮಿಯಾಸಾಕಾ ತಂಡ 2009ರಲ್ಲಿ ಇದನ್ನು ಮೊದಲು ಸೌರಕೋಶದೊಳಗೆ ಇಟ್ಟಿತು. ಆಗ ಪೆರೋವ್‌ಸ್ಕೈಟಿಗೆ ಕೊಟ್ಟಿದ್ದು ಬಣ್ಣದ ಕೆಲಸ ಮಾತ್ರ: ಟೈಟಾನಿಯಂ ಡೈಆಕ್ಸೈಡ್ ಕಣಗಳ ಮೈಗೆ ಅಂಟಿಕೊಂಡು ಬೆಳಕು ಹೀರುವುದು. ದಕ್ಷತೆ ಶೇ 3.8. ಕೋಶದೊಳಗಿನ ದ್ರವವೇ ಪೆರೋವ್‌ಸ್ಕೈಟನ್ನು ಕರಗಿಸಿಬಿಡುತ್ತಿದ್ದರಿಂದ ಅದು ಬಾಳುತ್ತಿದ್ದದ್ದು ನಿಮಿಷಗಳ ಲೆಕ್ಕದಲ್ಲಿ.

2012 ಈ ಕ್ಷೇತ್ರದ ದಿಕ್ಕು ಬದಲಿಸಿದ ವರ್ಷ. ದಕ್ಷಿಣ ಕೊರಿಯಾದ ಪಾರ್ಕ್ ನಾಮ್-ಗ್ಯು, ಸ್ವಿಟ್ಜರ್ಲೆಂಡಿನ ಮೈಕೆಲ್ ಗ್ರಾಟ್ಸೆಲ್ ತಂಡಗಳು ಕೂಡಿ ದ್ರವವನ್ನು ತೆಗೆದುಹಾಕಿ, ಸ್ಪೈರೊ-ಒಮೆಟ್ಯಾಡ್ ಎಂಬ ಘನ ಸಾವಯವ ಪದರ ಬಳಸಿ ಶೇ 9.7 ತಲುಪಿದವು. ಅದೇ ವರ್ಷ ಆಕ್ಸ್‌ಫರ್ಡಿನ ಹೆನ್ರಿ ಸ್ನೇಯ್ತ್ ಬಳಗ ಇನ್ನೂ ಬೆರಗಿನ ಪ್ರಯೋಗ ಮಾಡಿತು. ಎಲೆಕ್ಟ್ರಾನ್ ಸಾಗಿಸಲೆಂದೇ ಇಡುತ್ತಿದ್ದ ಟೈಟಾನಿಯಂ ಡೈಆಕ್ಸೈಡ್ ಕಣಗಳ ಬದಲು, ವಿದ್ಯುತ್ತನ್ನು ಹಾಯಲು ಬಿಡದ ಅಲ್ಯುಮಿನಾ ಕಣಗಳನ್ನು ತುಂಬಿದರು. ಕೋಶ ಕೆಡಬೇಕಿತ್ತು. ಬದಲಿಗೆ ಶೇ 10.9 ಕೊಟ್ಟಿತು. ಎಲೆಕ್ಟ್ರಾನ್‌ಗಳು ಪೆರೋವ್‌ಸ್ಕೈಟಿನ ಒಳಗೇ ದಾರಿ ಮಾಡಿಕೊಂಡು ಆಚೆ ದಾಟಿದ್ದವು. ಬರೀ ಬಣ್ಣವೆಂದುಕೊಂಡಿದ್ದದ್ದು ಉತ್ತಮ ಅರೆವಾಹಕ ಎಂದು ಅಂದಿಗೆ ಖಾತ್ರಿಯಾಯಿತು. ಮರುವರ್ಷ ಕಣಗಳ ಜಾಲರಿಯೇ ಇಲ್ಲದ, ಬರೀ ಚಪ್ಪಟೆ ಪದರಗಳ ಕೋಶದಲ್ಲಿ ಅವರೇ ಶೇ 15 ದಾಟಿದರು. ಈಗ ಒಂಟಿ ಪೆರೋವ್‌ಸ್ಕೈಟ್ ಕೋಶದ ದಾಖಲೆ ಶೇ 26 ದಾಟಿ, ಸಿಲಿಕಾನಿನ ದಾಖಲೆಗೆ ಕೂಗಳತೆಯ ದೂರದಲ್ಲಿದೆ.

ಅರೆವಾಹಕವೆಂದ ಮೇಲೆ ಸಂಧಿ ಎಲ್ಲಿದೆ ಎಂಬ ಪ್ರಶ್ನೆ ಏಳಲೇಬೇಕು. ಗ್ರಾಟ್ಸೆಲ್ ಜತೆ ಕೆಲಸ ಮಾಡಿದ ಲಿಯೋಜ್ ಎಟ್ಗರ್ 2012ರಲ್ಲೇ ರಂಧ್ರ ಸಾಗಿಸುವ ಪದರವನ್ನು ಪೂರ್ತಿ ಕೈಬಿಟ್ಟು, ಪೆರೋವ್‌ಸ್ಕೈಟಿನ ಮೇಲೆ ನೇರವಾಗಿ ಚಿನ್ನ ಕೂರಿಸಿ, ಶೇ 5.5ರಷ್ಟು ದಕ್ಷತೆ ಪಡೆದಿದ್ದರು. ಅಂದರೆ ಪೆರೋವ್‌ಸ್ಕೈಟ್ ಪಿ-ಬಗೆಯಂತೆ, ಟೈಟಾನಿಯಂ ಡೈಆಕ್ಸೈಡ್ ಎನ್-ಬಗೆಯಂತೆ ನಡೆದುಕೊಂಡಿದ್ದವು. 2014ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ತಂಡ ಕೋಶವನ್ನು ಅಡ್ಡಲಾಗಿ ಸೀಳಿ, ಸೀಳಿದ ಮುಖದ ಮೇಲೆ ಎಲೆಕ್ಟ್ರಾನ್ ಕಿರಣವನ್ನು ಗೆರೆ ಗೆರೆಯಾಗಿ ಓಡಿಸಿ, ಯಾವ ಬಿಂದುವಿಗೆ ಕಿರಣ ತಾಗಿದಾಗ ಎಷ್ಟು ಕರೆಂಟ್ ಬರುತ್ತದೆಂದು ಅಳೆಯಿತು. ಚಿತ್ರದಲ್ಲಿ ಎರಡು ಶಿಖರ ಕಂಡವು, ಪದರದ ಎರಡೂ ಅಂಚಿನಲ್ಲಿ ಒಂದೊಂದು. ನಡುವಿನ ಪೆರೋವ್‌ಸ್ಕೈಟ್ ಪಿಯೂ ಅಲ್ಲದ ಎನ್ನೂ ಅಲ್ಲದ ತಟಸ್ಥ ಪದರ, ಇಡೀ ಕೋಶ ಪಿ-ಐ-ಎನ್ ಜೋಡಣೆ ಎಂಬುದು ಅವರ ತೀರ್ಮಾನ. 2015ರಲ್ಲಿ ಅಮೆರಿಕದ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯದವರು ಬೇರೆ ಉಪಕರಣದಿಂದ, ಅತಿ ಸೂಕ್ಷ್ಮ ಮೊನೆಯೊಂದನ್ನು ಸೀಳಿದ ಮುಖದ ಮೇಲೆ ಆಡಿಸಿ, ವೋಲ್ಟೇಜ್ ಎಲ್ಲಿ ಕುಸಿಯುತ್ತದೆಂದು ನೋಡಿದರು. ಅವರಿಗೆ ಕಂಡದ್ದು ಟೈಟಾನಿಯಂ ಡೈಆಕ್ಸೈಡಿನ ಗಡಿಯಲ್ಲಿ ಒಂದೇ ಪಿ-ಎನ್ ಸಂಧಿ.

ಯಾರದು ಸರಿ? ಎರಡೂ ಅಳತೆಗಳು ನಂಬಲರ್ಹವಾದವು. ಪೆರೋವ್‌ಸ್ಕೈಟ್ ಎಂಬ ಒಂದೇ ಹೆಸರಿನಡಿ ಎಲ್ಲ ಪ್ರಯೋಗಾಲಯಗಳಲ್ಲೂ ಒಂದೇ ವಸ್ತು ತಯಾರಾಗುತ್ತದೆಂಬ ಊಹೆ ಮಾತ್ರ ತಪ್ಪು.

ಪದರ ಮಾಡುವ ಬಗೆಯನ್ನು ಹತ್ತಿರದಿಂದ ನೋಡಿದರೆ ಇದು ತಿಳಿಯುತ್ತದೆ. ಸೀಸದ ಅಯೋಡೈಡ್ ಹಳದಿ ಪುಡಿ. ಅದನ್ನೂ ಮೀಥೈಲ್ ಅಮೋನಿಯಂ ಅಯೋಡೈಡನ್ನೂ ದ್ರಾವಕದಲ್ಲಿ ಕರಗಿಸಿದರೆ ತಿಳಿಹಳದಿ ದ್ರಾವಣ ಸಿಗುತ್ತದೆ. ಗಾಜಿನ ಬಿಲ್ಲೆಯ ಮೇಲೆ ಕೆಲವು ಹನಿ ಬಿಟ್ಟು, ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಿಸುತ್ತಾರೆ. ತಿರುಗುತ್ತಿರುವಾಗಲೇ ಪಿಪೆಟ್ಟಿನಿಂದ ಟಾಲ್ವೀನ್ ಅಥವಾ ಕ್ಲೋರೊಬೆಂಜೀನ್ ಸುರಿಯುತ್ತಾರೆ. ಒಂದೆರಡು ಸೆಕೆಂಡ್ ಆಚೀಚೆಯಾದರೂ ಪದರ ಕೆಟ್ಟುಹೋಗಬಹುದು. ಬಳಿಕ ಸುಮಾರು 100 ಡಿಗ್ರಿ ಸೆಲ್ಸಿಯಸ್ ಬಿಸಿಯ ಹಂಚಿನ ಮೇಲಿಟ್ಟರೆ ಬಣ್ಣ ಗಾಢ ಕಂದಾಗಿ, ಮೇಲ್ಮೈ ಕನ್ನಡಿಯಂತೆ ಹೊಳೆಯುತ್ತದೆ. ದಪ್ಪ ಅರ್ಧ ಮೈಕ್ರೊಮೀಟರಿನಷ್ಟು. ಸಿಲಿಕಾನ್ ಬಿಲ್ಲೆ ಇದರ ಇನ್ನೂರು ಮುನ್ನೂರು ಪಟ್ಟು ದಪ್ಪ.

ಈ ಅಡುಗೆಯಲ್ಲಿ ಎರಡು ಪುಡಿಗಳ ಪ್ರಮಾಣ ಸ್ವಲ್ಪ ಹೆಚ್ಚುಕಡಿಮೆಯಾದರೂ ಡೋಪಿಂಗ್ ತಾನಾಗಿಯೇ ಆಗಿಬಿಡುತ್ತದೆ. ಅಮೆರಿಕದ ನೆಬ್ರಾಸ್ಕ-ಲಿಂಕನ್ ವಿಶ್ವವಿದ್ಯಾಲಯದಲ್ಲಿ ಜಿನ್ಸಾಂಗ್ ಹುವಾಂಗ್ ತಂಡ 2014ರಲ್ಲಿ ಇದನ್ನು ಅಳತೆ ಮಾಡಿ ತೋರಿಸಿತು. ಸೀಸದ ಅಯೋಡೈಡ್ ಹೆಚ್ಚಾದರೆ ಸ್ಫಟಿಕದಲ್ಲಿ ಅಯೋಡಿನ್ ಕೂರಬೇಕಾದ ಕೆಲವು ಸ್ಥಾನಗಳು ತೆರವಾಗಿ ಪದರ ಎನ್-ಬಗೆಯಾಗುತ್ತದೆ. ಅದು ಕಡಿಮೆಯಾದರೆ ಸೀಸದ ಸ್ಥಾನಗಳು ತೆರವಾಗಿ ಪಿ-ಬಗೆಯಾಗುತ್ತದೆ. ಪಿ-ಬಗೆಯ ಪದರವನ್ನು ಹಂಚಿನ ಮೇಲೆ ಹೆಚ್ಚು ಹೊತ್ತು ಬಿಟ್ಟರೆ ಮೀಥೈಲ್ ಅಮೋನಿಯಂ ಅಯೋಡೈಡ್ ಆವಿಯಾಗಿ, ಅದೇ ಪದರ ಎನ್ ಕಡೆಗೆ ವಾಲುತ್ತದೆ. ಹೊರಗಿನ ಯಾವ ಧಾತುವನ್ನೂ ಸೇರಿಸಿಲ್ಲ. ತನ್ನ ಕೊರತೆಗಳಿಂದಲೇ ವಸ್ತು ತನ್ನನ್ನು ಡೋಪ್ ಮಾಡಿಕೊಂಡಿದೆ. ಎರಡು ಪ್ರಯೋಗಾಲಯಗಳಲ್ಲಿ ಎರಡು ಬಗೆಯ ಸಂಧಿ ಕಂಡದ್ದರಲ್ಲಿ ಅಚ್ಚರಿಪಡುವಂಥದ್ದೇನೂ ಇಲ್ಲ.

ಇಷ್ಟು ಕೊರತೆಗಳಿರುವ ಪದರ ಕೆಲಸಕ್ಕೇ ಬರಬಾರದಿತ್ತು. ಇತರ ಅರೆವಾಹಕಗಳಲ್ಲಿ ಇಂಥ ತೆರವುಗಳು ಎಲೆಕ್ಟ್ರಾನ್-ರಂಧ್ರಗಳನ್ನು ಸೆಳೆದು ನುಂಗುವ ಗುಂಡಿಗಳಾಗುತ್ತವೆ. ಒಹಾಯೊದ ಟೊಲೀಡೊ ವಿಶ್ವವಿದ್ಯಾಲಯದ ಯಾನ್‌ಫಾ ಯಾನ್ ತಂಡ 2014ರಲ್ಲಿ ಲೆಕ್ಕ ಹಾಕಿ ತೋರಿಸಿದಂತೆ, ಸೀಸದ ಪೆರೋವ್‌ಸ್ಕೈಟಿನಲ್ಲಿ ಸುಲಭವಾಗಿ ಹುಟ್ಟುವ ದೋಷಗಳು ಆಳವಿಲ್ಲದವು. ಹಾದುಹೋಗುವ ಎಲೆಕ್ಟ್ರಾನನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಅದಕ್ಕೇ ಹಂಚಿನ ಮೇಲೆ ಬೇಯಿಸಿದ ಪದರ, ಸಾವಿರ ಡಿಗ್ರಿ ದಾಟಿದ ಕುಲುಮೆಯಲ್ಲಿ ಬೆಳೆಸಿದ ಸಿಲಿಕಾನ್ ಸ್ಫಟಿಕಕ್ಕೆ ಸಮನಾಗಿ ನಿಲ್ಲುತ್ತಿದೆ.

ತವರದ ಪೆರೋವ್‌ಸ್ಕೈಟಿನ ಪಾಡು ಬೇರೆ. ಸೀಸ ವಿಷವೆಂದು ಅದರ ಬದಲು ತವರ ಬಳಸಿದರೆ, ಎರಡು ಎಲೆಕ್ಟ್ರಾನ್ ಬಿಟ್ಟುಕೊಟ್ಟ ತವರ ಗಾಳಿ ತಾಗಿದೊಡನೆ ಇನ್ನೂ ಎರಡನ್ನು ಬಿಟ್ಟುಕೊಡುತ್ತದೆ. ಪದರದಲ್ಲಿ ರಂಧ್ರಗಳು ತುಂಬಿ ತುಳುಕುತ್ತವೆ. ಡೋಪಿಂಗ್ ಅತಿಯಾದರೆ ಕೋಶ ಲೋಹದಂತೆ ವರ್ತಿಸತೊಡಗಿ ಬೆಳಕಿನಿಂದ ಹುಟ್ಟಿದ ಜೋಡಿಗಳು ದಡ ಮುಟ್ಟುವ ಮೊದಲೇ ಅಳಿಯುತ್ತವೆ. ತವರದ ಫ್ಲೋರೈಡ್ ಬೆರೆಸಿ ಇದನ್ನು ತಗ್ಗಿಸುವ ಉಪಾಯ ಸಿಂಗಪುರದ ನಾನ್ಯಾಂಗ್ ವಿಶ್ವವಿದ್ಯಾಲಯದ ತಂಡದ ಕೋಶಗಳಲ್ಲಿ 2014ರಲ್ಲಿ ಫಲ ಕೊಟ್ಟಿತು. ಅದರ ಮುಂಚೂಣಿಯಲ್ಲಿದ್ದವರಲ್ಲಿ ಭಾರತ ಮೂಲದ ಸುಬೋಧ್ ಮ್ಹೈಸಾಲ್ಕರ್, ನೃಪನ್ ಮ್ಯಾಥ್ಯೂಸ್ ಸೇರಿದ್ದಾರೆ. ಚೀನಾದ ನಾನ್‌ಜಿಂಗ್ ವಿಶ್ವವಿದ್ಯಾಲಯದ ಹೈರೆನ್ ಟಾನ್ ತಂಡ 2019ರಲ್ಲಿ ದ್ರಾವಣಕ್ಕೆ ತವರದ ಲೋಹಪುಡಿಯನ್ನೇ ಹಾಕಿತು. ಹೆಚ್ಚು ಎಲೆಕ್ಟ್ರಾನ್ ಕಳೆದುಕೊಂಡ ತವರಕ್ಕೆ ಆ ಪುಡಿ ಎಲೆಕ್ಟ್ರಾನ್ ಕೊಟ್ಟು ಮೊದಲಿನ ಸ್ಥಿತಿಗೆ ತಂದಿತು. ಇಲ್ಲಿ ಬೇಕಾದದ್ದು ಡೋಪಿಂಗ್ ಅಲ್ಲ, ಡೋಪಿಂಗ್ ಆಗದಂತೆ ತಡೆಯುವ ವಿದ್ಯೆ.

ಹಾಗಾದರೆ ಸೀಸದ ಪೆರೋವ್‌ಸ್ಕೈಟಿಗೆ ಸಿಲಿಕಾನಿನಂತೆ ಹೊರಗಿನ ಪರಮಾಣು ಬೆರೆಸಿ, ಬೇಕೆಂದಷ್ಟು ಪಿ ಅಥವಾ ಎನ್ ಮಾಡಲು ಬರುವುದಿಲ್ಲವೇ? ಬಹುಮಟ್ಟಿಗೆ ಬರುವುದಿಲ್ಲ. ಅಯಾನುಗಳಿಂದ ಕಟ್ಟಿದ ಈ ಮೆದು ಸ್ಫಟಿಕಕ್ಕೆ ಹೆಚ್ಚುವರಿ ವಿದ್ಯುದಂಶದ ಪರಮಾಣುವೊಂದು ಬಂದು ಕೂತರೆ, ಅದಕ್ಕೆ ವಿರುದ್ಧ ವಿದ್ಯುದಂಶದ ತೆರವೊಂದು ಪಕ್ಕದಲ್ಲೇ ಹುಟ್ಟಿ ಲೆಕ್ಕ ಸರಿಮಾಡಿಬಿಡುತ್ತದೆ. ಎಷ್ಟೋ ಸಲ ಬೆರೆಸಿದ ಧಾತು ಸ್ಫಟಿಕದೊಳಗೆ ಹೋಗುವುದೇ ಇಲ್ಲ. ರುಬಿಡಿಯಂ, ಪೊಟ್ಯಾಸಿಯಂ ಸೇರಿಸಿದಾಗ ಕೋಶದ ಗುಣಮಟ್ಟ ಏರಿತು. ಆದರೆ ಲಾಸಾನ್‌ನ ಇಪಿಎಫ್‌ಎಲ್ ಸಂಸ್ಥೆಯ ವಿಜ್ಞಾನಿಗಳು 2017ರಲ್ಲಿ ಎನ್‌ಎಂಆರ್ ವಿಧಾನದಿಂದ ಪರಮಾಣುಗಳ ವಿಳಾಸ ಹುಡುಕಿದಾಗ ಅವೆರಡೂ ಚೌಕಟ್ಟಿನ ಹೊರಗೇ ಉಳಿದಿದ್ದವು. 2018ರಲ್ಲಿ ಕೇಂಬ್ರಿಜ್ ತಂಡ ಪೊಟ್ಯಾಸಿಯಂ ಸ್ಫಟಿಕದ ಹರಳುಗಳ ಗಡಿಯಲ್ಲಿ ಕೂತು ಗಾಯ ಮುಚ್ಚುವುದನ್ನೂ ಅಯಾನುಗಳ ಓಡಾಟ ತಡೆಯುವುದನ್ನೂ ವಿವರಿಸಿತು. ಅದು ಉಪಯುಕ್ತ ಕೆಲಸವೇ, ಆದರೆ ಫುಲ್ಲರ್ ಬೋರಾನ್ ಹಾಯಿಸಿ ಮಾಡಿದ ಕೆಲಸಕ್ಕಿಂತ ತೀರಾ ಬೇರೆ. ಹೊಸ ಧಾತು ಬೆರೆಸಿ ದಕ್ಷತೆ ಏರಿತೆನ್ನುವ ಪ್ರಬಂಧಗಳು, ಆ ಧಾತು ಎಲ್ಲಿ ಕೂತಿದೆಯೆಂದು ತೋರಿಸದಿದ್ದರೆ ಅರ್ಧ ಮಾತಷ್ಟೇ ಹೇಳಿದಂತೆ.

ಇದಕ್ಕೆ ಅಪವಾದಗಳೂ ಇವೆ. ಬೀಜಿಂಗಿನ ನಾರ್ತ್ ಚೈನಾ ಎಲೆಕ್ಟ್ರಿಕ್ ಪವರ್ ವಿಶ್ವವಿದ್ಯಾಲಯದವರು 2019ರಲ್ಲಿ ಪುಡಿಗಳ ಅನುಪಾತವನ್ನಷ್ಟೇ ಬದಲಿಸಿ, ಎನ್-ಬಗೆಯ ಪೆರೋವ್‌ಸ್ಕೈಟಿನ ಮೇಲೆ ಪಿ-ಬಗೆಯ ಪೆರೋವ್‌ಸ್ಕೈಟ್ ಹಾಕಿ, ಒಂದೇ ವಸ್ತುವಿನೊಳಗೆ ಪಿ-ಎನ್ ಸಂಧಿ ಕಟ್ಟಿದರು. ದಕ್ಷತೆ ಶೇ 21 ದಾಟಿತು. ಚೀನಾದ ಝೆಜಿಯಾಂಗ್ ವಿಶ್ವವಿದ್ಯಾಲಯದ ತಂಡ 2024ರಲ್ಲಿ ಸಾವಯವ ಅಣುವೊಂದನ್ನು ಬೆರೆಸಿ, ಬೆಳಕು ಚೆಲ್ಲುವ ಪೆರೋವ್‌ಸ್ಕೈಟನ್ನು ಎನ್‌ನಿಂದ ಪಿಗೆ ತಿರುಗಿಸಿ ತೋರಿಸಿತು. ಈ ದಾರಿ ಈಗಷ್ಟೇ ತೆರೆಯುತ್ತಿದೆ.

ಕಟ್ಟಿದ ಸಂಧಿ ಉಳಿಯುತ್ತದೆಯೇ ಎಂಬುದು ಮುಂದಿನ ಮಾತು. 2015ರಲ್ಲಿ ಹುವಾಂಗ್ ತಂಡ ಮಾಡಿದ ಇನ್ನೊಂದು ಪ್ರಯೋಗ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಪೆರೋವ್‌ಸ್ಕೈಟ್ ಪದರಕ್ಕೆ ಹೊರಗಿನಿಂದ ಸಣ್ಣ ವೋಲ್ಟೇಜ್ ಕೊಟ್ಟು ಸ್ವಲ್ಪ ಹೊತ್ತು ಬಿಟ್ಟರು. ಬಳಿಕ ಬೆಳಕು ಹಾಯಿಸಿದಾಗ ಕರೆಂಟ್ ಒಂದು ದಿಕ್ಕಿಗೆ ಹರಿಯಿತು. ವೋಲ್ಟೇಜನ್ನು ತಿರುಗುಮುರುಗು ಮಾಡಿ ಮತ್ತೆ ಬೆಳಕು ಹಾಯಿಸಿದರೆ ಕರೆಂಟೂ ದಿಕ್ಕು ಬದಲಿಸಿತು. ಎಷ್ಟು ಸಲ ಬದಲಿಸಿದರೂ ಹೀಗೆಯೇ. ಕ್ಷೇತ್ರದ ಸೆಳೆತಕ್ಕೆ ಅಯಾನುಗಳೂ ತೆರವುಗಳೂ ಒಂದೊಂದು ಅಂಚಿಗೆ ಸರಿದು, ಒಂದು ಬದಿಯನ್ನು ಪಿ, ಇನ್ನೊಂದನ್ನು ಎನ್ ಮಾಡಿದ್ದವು. ಕ್ಷೇತ್ರ ತಿರುಗಿದಾಗ ಅವೂ ಬದಿ ಬದಲಿಸಿದ್ದವು. ಸಿಲಿಕಾನ್ ಕೋಶದ ಧನ ತುದಿ ಬ್ಯಾಟರಿ ಜೋಡಿಸಿದ್ದಕ್ಕೆ ಋಣ ತುದಿಯಾಗುವುದನ್ನು ಯಾರೂ ಕಂಡಿಲ್ಲ.

ಹಾಗೆ ನೋಡಿದರೆ ಈ ಅಯಾನುಗಳ ಸುಳಿವು ಮೊದಲೇ ಸಿಕ್ಕಿತ್ತು. ಕೋಶದ ದಕ್ಷತೆ ಅಳೆಯುವಾಗ ವೋಲ್ಟೇಜನ್ನು ಏರಿಸುತ್ತ ಹೋದರೆ ಒಂದು ಅಂಕಿ, ಇಳಿಸುತ್ತ ಬಂದರೆ ಇನ್ನೊಂದು ಅಂಕಿ ಬರುತ್ತಿತ್ತು. 2014ರಲ್ಲಿ ಸ್ನೇಯ್ತ್ ತಂಡ ಇದನ್ನು ಬಹಿರಂಗವಾಗಿ ಎತ್ತಿ ಆಡಿದ ಮೇಲೆ ಹಳೆಯ ದಾಖಲೆಗಳನ್ನು ಎಷ್ಟು ನಂಬಬೇಕೆಂಬ ಚರ್ಚೆಯೇ ನಡೆಯಿತು. ಕಾರಣವಾಗಿ ಎರಡು ವಾದಗಳು ಮುಂದೆ ಬಂದವು. ಮೀಥೈಲ್ ಅಮೋನಿಯಂ ಅಣುಗಳು ಒಂದೇ ದಿಕ್ಕಿಗೆ ಸಾಲುಗಟ್ಟಿ ಸ್ಫಟಿಕಕ್ಕೆ ಸ್ವಂತ ವಿದ್ಯುತ್ ಧ್ರುವತೆ ಕೊಡುತ್ತವೆ ಎಂಬುದು ಒಂದು. ಅಯಾನುಗಳ ಓಡಾಟ ಎಂಬುದು ಇನ್ನೊಂದು. ಮೊದಲ ವಾದವನ್ನು ಒರೆಗೆ ಹಚ್ಚಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಡಿ.ಡಿ. ಸರ್ಮಾ ತಂಡವೂ ಇದೆ. ಧ್ರುವತೆಯುಳ್ಳ ಸ್ಫಟಿಕಕ್ಕೆ ಲೇಸರ್ ಹಾಯಿಸಿದರೆ ಎರಡು ಪಟ್ಟು ಆವರ್ತನದ ಬೆಳಕು ಹೊರಡುತ್ತದೆ. 2016ರಲ್ಲಿ ಅವರು ಪ್ರಕಟಿಸಿದ ಪ್ರಯೋಗದಲ್ಲಿ ಅಂಥ ಬೆಳಕು ಅಳತೆಗೆ ಸಿಗುವಷ್ಟೂ ಕಾಣಲಿಲ್ಲ; ಸ್ಫಟಿಕಕ್ಕೆ ಧ್ರುವತೆ ಇಲ್ಲವೆಂಬುದಕ್ಕೆ ಅದು ಬಲವಾದ ಸಾಕ್ಷ್ಯ. ಅಯಾನುಗಳ ಓಡಾಟವೇ ಮುಖ್ಯ ಕಾರಣವೆಂಬ ಎರಡನೆಯ ವಾದ ಮುಂದೆ ಗಟ್ಟಿಯಾಯಿತು.

ಒಳಗೆ ಡೋಪಿಂಗ್ ಹಿಡಿತಕ್ಕೆ ಸಿಗದಿದ್ದರೆ ಹೊರಗೆ ಮಾಡಬೇಕು. ಇಂದಿನ ಉತ್ತಮ ಕೋಶಗಳೆಲ್ಲ ಈ ನಿಲುವಿನ ಮೇಲೆ ನಿಂತಿವೆ. ಪೆರೋವ್‌ಸ್ಕೈಟನ್ನು ಆದಷ್ಟೂ ತಟಸ್ಥವಾಗಿಯೇ ಬಿಟ್ಟು, ಒಂದು ಮಗ್ಗುಲಿಗೆ ಎಲೆಕ್ಟ್ರಾನ್ ಒಯ್ಯುವ ಪದರ, ಇನ್ನೊಂದು ಮಗ್ಗುಲಿಗೆ ರಂಧ್ರ ಒಯ್ಯುವ ಪದರ ಇಡುತ್ತಾರೆ. ತವರದ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್, ಕಾರ್ಬನ್-60 ಮೊದಲನೆಯ ಕೆಲಸಕ್ಕೆ. ಸ್ಪೈರೊ-ಒಮೆಟ್ಯಾಡ್, ನಿಕಲ್ ಆಕ್ಸೈಡ್ ಎರಡನೆಯದಕ್ಕೆ. ವುರ್ಫೆಲ್ ಹೇಳಿದ ಎರಡು ದಾರಿಗಳು ಇವೇ.

ಸ್ಪೈರೊ-ಒಮೆಟ್ಯಾಡ್ ಶುದ್ಧವಾಗಿದ್ದಾಗ ಕರೆಂಟನ್ನು ಸರಿಯಾಗಿ ಒಯ್ಯುವುದಿಲ್ಲ. ಅದನ್ನು ಡೋಪ್ ಮಾಡಲು ಬಳಸುವುದು ಲಿಥಿಯಂ ಲವಣ. ಬೆರೆಸಿದರಷ್ಟೇ ಸಾಲದು, ಆಮ್ಲಜನಕವೂ ಬೇಕು. ಅದಕ್ಕಾಗಿ ಹೊಸ ಕೋಶಗಳನ್ನು ಒಣಗಾಳಿಯ ಪೆಟ್ಟಿಗೆಯಲ್ಲಿ ರಾತ್ರಿಯಿಡೀ ಬಿಡುವ ವಾಡಿಕೆ ಬೆಳೆಯಿತು. ಈ ಲವಣ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ತೇವ ಪೆರೋವ್‌ಸ್ಕೈಟನ್ನು ಮತ್ತೆ ಹಳದಿ ಸೀಸದ ಅಯೋಡೈಡ್ ಮಾಡಿಬಿಡುತ್ತದೆ. ಜತೆಗೆ ಲಿಥಿಯಂ ಅಯಾನುಗಳು ಕೋಶದ ಪದರ ಪದರ ದಾಟಿ ಸಾಗುತ್ತವೆ. ಪಿಯರ್ಸನ್‌ರನ್ನು ಕಾಡಿದ ಧಾತುವೇ ಇಲ್ಲೂ ಎದುರಾಗಿದೆ. 2021ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಆಂಡ್ರೆ ಟೇಲರ್ ತಂಡ ಸ್ಪೈರೊ-ಒಮೆಟ್ಯಾಡ್ ದ್ರಾವಣಕ್ಕೆ ಇಂಗಾಲದ ಡೈಆಕ್ಸೈಡ್ ಗುಳ್ಳೆಗಳನ್ನು ಬಿಟ್ಟು, ಅತಿನೇರಳೆ ಬೆಳಕು ಬೀರಿ, ರಾತ್ರಿಯಿಡೀ ಹಿಡಿಯುತ್ತಿದ್ದ ಡೋಪಿಂಗನ್ನು ಒಂದು ನಿಮಿಷಕ್ಕೆ ಇಳಿಸಿತು. ಲಿಥಿಯಂನ ಬಹುಪಾಲು ಕಾರ್ಬೊನೇಟ್ ಆಗಿ ತಳ ಸೇರಿ, ಸೋಸಿ ತೆಗೆಯುವಂತಾಯಿತು.

ಅದಕ್ಕಿಂತ ದೊಡ್ಡ ಮುನ್ನಡೆ ಬಂದದ್ದು ಡೋಪಿಂಗನ್ನೇ ಬಿಟ್ಟ ದಾರಿಯಲ್ಲಿ. ಲಿಥುವೇನಿಯಾದ ಕೌನಾಸ್ ತಾಂತ್ರಿಕ ವಿಶ್ವವಿದ್ಯಾಲಯ ಹಾಗೂ ಬರ್ಲಿನ್ನಿನ ಹೆಲ್ಮ್‌ಹೋಲ್ಟ್ಸ್ ಕೇಂದ್ರದವರು ಸೇರಿ, ಗಾಜಿನ ಮೇಲಿನ ವಾಹಕ ಪದರಕ್ಕೆ ತಾವಾಗಿಯೇ ಅಂಟಿಕೊಂಡು ಸಾಲಾಗಿ ನಿಲ್ಲುವ ಕಾರ್ಬಜೋಲ್ ಅಣುಗಳನ್ನು ರೂಪಿಸಿದರು. ಪದರದ ದಪ್ಪ ಒಂದೇ ಅಣು. ಲಿಥಿಯಂ ಇಲ್ಲ, ರಾತ್ರಿ ಕಾಯುವುದಿಲ್ಲ. 2020ರಲ್ಲಿ ಈ ಅಣುಗಳ ಬಲದಿಂದಲೇ ಬರ್ಲಿನ್ ತಂಡ ಸಿಲಿಕಾನ್ ಮೇಲೆ ಪೆರೋವ್‌ಸ್ಕೈಟ್ ಕೂರಿಸಿದ ಜೋಡಿಕೋಶದಲ್ಲಿ ಶೇ 29.15 ಮುಟ್ಟಿತು. ಈ ಲೇಖನದಲ್ಲಿ ಬಂದ ಉಪಾಯಗಳಲ್ಲಿ ಕಾರ್ಖಾನೆಯ ಮಟ್ಟಿಗೆ ಅತಿ ಭರವಸೆಯದು ಇದೇ.

ಜೋಡಿಕೋಶದ ಆಸೆಗೆ ಕಾರಣವಿದೆ. ವಿಲಿಯಂ ಶಾಕ್ಲಿ ಮತ್ತು ಹಾನ್ಸ್ ಕ್ವೈಸರ್ 1961ರಲ್ಲಿ ಲೆಕ್ಕ ಕಟ್ಟಿದ ಮಿತಿಯ ಪ್ರಕಾರ ಒಂದೇ ಸಂಧಿಯ ಕೋಶ ಶೇ 33ರ ಆಚೀಚೆ ನಿಲ್ಲಲೇಬೇಕು. ಸಿಲಿಕಾನಿನ ಮಿತಿ ಶೇ 29.4. ಪೆರೋವ್‌ಸ್ಕೈಟ್ ನೀಲಿ, ಹಸಿರು ಬೆಳಕನ್ನು ಹೆಚ್ಚು ವೋಲ್ಟೇಜಿನಲ್ಲಿ ಬಳಸಿಕೊಂಡು, ಕೆಂಪು ಮತ್ತು ಅವಕೆಂಪನ್ನು ಕೆಳಗಿನ ಸಿಲಿಕಾನಿಗೆ ಬಿಟ್ಟರೆ ಈ ಮಿತಿ ದಾಟಬಹುದು. ಎರಡರ ನಡುವೆ ಇನ್ನೊಂದು ಬಗೆಯ ಸಂಧಿ ಬೇಕು. ಮೇಲಿನ ಕೋಶದ ಒಂದು ಬಗೆಯ ವಿದ್ಯುದಂಶ, ಕೆಳಗಿನದರ ಇನ್ನೊಂದು ಬಗೆಯ ವಿದ್ಯುದಂಶ ಅಲ್ಲಿ ಸಂಧಿಸಿ ಅಳಿಯಬೇಕು. ಆಗಲೇ ಸರ್ಕ್ಯೂಟ್ ಪೂರ್ಣ. ಬೇರೆಲ್ಲೆಡೆ ನಷ್ಟವೆನಿಸುವ ಅಳಿವು ಇಲ್ಲಿ ಬೇಕೇಬೇಕು. ಇಂಡಿಯಂ ಟಿನ್ ಆಕ್ಸೈಡಿನ ತೀರಾ ತೆಳು ಪದರ ಸಾಮಾನ್ಯವಾಗಿ ಈ ಕೆಲಸ ಮಾಡುತ್ತದೆ. ಚೀನಾದ ಲೋಂಗಿ ಕಂಪನಿ 2025ರ ಏಪ್ರಿಲ್‌ನಲ್ಲಿ ಇಂಥ ಜೋಡಿಕೋಶದಲ್ಲಿ ಶೇ 34.85 ಸಾಧಿಸಿದೆ.

ಮೇಲಿನ ಕೋಶಕ್ಕೆ ಅಯೋಡಿನ್ ಜತೆ ಬ್ರೋಮಿನ್ ಬೆರೆಸಬೇಕು, ಹಳೆಯ ತೊಂದರೆ ಅಲ್ಲಿ ಹೊಸ ವೇಷದಲ್ಲಿ ಬರುತ್ತದೆ. ಸ್ಟ್ಯಾನ್‌ಫರ್ಡಿನಲ್ಲಿ ಎರಿಕ್ ಹೋಕ್ ಮತ್ತು ಸಂಗಡಿಗರು 2015ರಲ್ಲಿ ಕಂಡುಕೊಂಡಂತೆ, ಬೆಳಕು ಬಿದ್ದಾಗ ಅಯೋಡೈಡ್ ಅಯಾನುಗಳು ಒಂದೆಡೆ, ಬ್ರೋಮೈಡ್ ಒಂದೆಡೆ ಗುಂಪುಗೂಡುತ್ತವೆ. ವೋಲ್ಟೇಜ್ ಕುಗ್ಗುತ್ತದೆ. ಕತ್ತಲಲ್ಲಿ ಬಿಟ್ಟರೆ ಮತ್ತೆ ಬೆರೆಯುತ್ತವೆ. ಬಿಸಿಲಲ್ಲೇ ದುಡಿಯಬೇಕಾದ ವಸ್ತುವಿಗೆ ಬಿಸಿಲೇ ಇಂಥ ತೊಡಕು ತರುತ್ತದೆ. ಸೀಸಿಯಂ ಸೇರಿಸಿ, ಬ್ರೋಮಿನ್ ತಗ್ಗಿಸಿ, ಹರಳುಗಳ ಗಡಿ ಮುಚ್ಚಿ ಇದನ್ನು ನಿಧಾನಿಸಲಾಗಿದೆ. ಪೂರ್ತಿ ನಿಂತಿಲ್ಲ.

ಆದರೂ ಮಾರುಕಟ್ಟೆಯ ಬಾಗಿಲು ತೆರೆದಿದೆ. ಸ್ನೇಯ್ತ್ ಸಹಸಂಸ್ಥಾಪಕರಾಗಿರುವ ಆಕ್ಸ್‌ಫರ್ಡ್ ಪಿವಿ ಕಂಪನಿ ಜರ್ಮನಿಯ ಬ್ರಾಂಡೆನ್‌ಬರ್ಗ್ ಕಾರ್ಖಾನೆಯಲ್ಲಿ ಮಾಡಿದ ಶೇ 24.5 ದಕ್ಷತೆಯ ಜೋಡಿಕೋಶದ ಪ್ಯಾನೆಲ್‌ಗಳನ್ನು 2024ರ ಸೆಪ್ಟೆಂಬರಿನಲ್ಲಿ ಅಮೆರಿಕದ ಗ್ರಾಹಕರೊಬ್ಬರಿಗೆ ರವಾನಿಸಿತು. ಮುಂಬೈ ಐಐಟಿಯಲ್ಲೂ ಪೆರೋವ್‌ಸ್ಕೈಟ್-ಸಿಲಿಕಾನ್ ಜೋಡಿಕೋಶದ ಕೆಲಸ ಚುರುಕಾಗಿದೆ. ಪ್ಯಾನೆಲ್‌ಗಳು ಪಾಸಾಗಬೇಕಾದ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ 85 ಡಿಗ್ರಿ ಬಿಸಿ, ಶೇ 85 ತೇವದಲ್ಲಿ 1000 ಗಂಟೆ ಇಡುತ್ತಾರೆ. ಆದರೆ ಆ ಪೆಟ್ಟಿಗೆ ಕತ್ತಲು. ಅಯಾನುಗಳು ಹೆಚ್ಚು ಓಡಾಡುವುದು ಬಿಸಿಲಿನಲ್ಲಿ, ಅದೂ ಹಗಲು-ರಾತ್ರಿ ಬದಲಾಗುತ್ತಿರುವಾಗ. ಹಾಗಾಗಿ ಬಯಲಿನಲ್ಲಿ ಇಟ್ಟು ವರ್ಷಗಟ್ಟಲೆ ನೋಡಿದ ಲೆಕ್ಕಕ್ಕೆ ಬೇರೆ ಬದಲಿಯಿಲ್ಲ.

ಚಾವಣಿಗೆ ಪ್ಯಾನೆಲ್ ಹಾಕಿಸಬೇಕೆಂದಿರುವ ಮನೆಯವರು ಇದಕ್ಕಾಗಿ ಕಾಯಬೇಕಾಗಿಲ್ಲ. 25 ವರ್ಷದ ವಾರಂಟಿಯೊಂದಿಗೆ ಬರುವ ಸಿಲಿಕಾನ್ ಇವತ್ತಿಗೂ ಸರಿಯಾದ ಆಯ್ಕೆ. ಪೆರೋವ್‌ಸ್ಕೈಟಿನ ಹೊಸ ದಾಖಲೆಯ ಸುದ್ದಿ ಕಂಡಾಗ ಮಾತ್ರ ಶೇಕಡಾವಾರು ಅಂಕಿಗೆ ತೃಪ್ತರಾಗಬೇಡಿ. ಆ ಕೋಶ ಎಷ್ಟು ಅಗಲದ್ದು, ಬಿಸಿಲಿನಲ್ಲಿ ಎಷ್ಟು ಗಂಟೆ ದುಡಿಯಿತು, ಕೊನೆಯಲ್ಲಿ ಎಷ್ಟು ದಕ್ಷತೆ ಉಳಿಸಿಕೊಂಡಿತು ಎಂಬ ಮೂರನ್ನೂ ಅದೇ ಸುದ್ದಿಯಲ್ಲಿ ಹುಡುಕಿ.